ಸೊಟ್ಟ ಕಂಬಿ

"ಗುರುಗಳೇ, ನಮ್ಮವ್ವನನ್ನು ಹೇಗೆ ತಿದ್ದಲಿ?" ಎಂದು ನಿಜಗುಣ ಕೇಳಿದ. ತಂದೆ ತೀರಿಕೊಂಡು ವರ್ಷವಾಗಿತ್ತು. ಆದರೂ ತಾಯಿ ದಿನವೂ ಸಂಜೆ ಬಾಗಿಲು ಹಾಕುವ ಮೊದಲು ಬೀದಿಯ ಕಡೆ ನೋಡಿ, "ಬಂದ್ರಾ?" ಎನ್ನುತ್ತಿದ್ದಳು. ಆಮೇಲೆಯೇ ಅಗುಳಿ. "ಇವತ್ತು ಹೇಳಿಯೇ ಬಿಡ್ತೀನಿ, ಅಪ್ಪ ಇನ್ನು ಬರೋದಿಲ್ಲ ಅಂತ," ಎಂದ.

ಗುರುಗಳು ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದರೇನೋ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಕತೆ ಶುರುವಾಯಿತು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈ ಚೆನ್ನಾಗಿ ಪಳಗಿತ್ತು, ಜಂಬವೂ ಕಡಿಮೆಯಿರಲಿಲ್ಲ. ಒಬ್ಬ ಮುದುಕಿಯ ಮನೆಯಲ್ಲಿ, ಗೋಡೆಯೊಳಗೇ ಕೂರಿಸಿದ್ದ ಆಳೆತ್ತರದ ಹಳೆಯ ಗಡಿಯಾರ ನಿಂತುಹೋಗಿತ್ತು. "ಅದರ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲಪ್ಪ," ಎಂದು ಮುದುಕಿ ಅಂಗಲಾಚಿದಳು. ಅವನು ಒಳಗಿನ ಯಂತ್ರವನ್ನು ಬಿಚ್ಚಿ ಅಂಗಡಿಗೆ ತಂದ. ಹಲ್ಲುಚಕ್ರಗಳ ಜಿಡ್ಡು ತೊಳೆದ. ಸವೆದ ತೂತುಗಳಿಗೆ ಹೊಸ ಹಿತ್ತಾಳೆ ಕೂರಿಸಿದ. ಲೋಲಕವನ್ನು ತೂಗುವ ಕಂಬಿ ಒಂದು ಕಡೆಗೆ ಸೊಟ್ಟಗಿತ್ತು. "ಯಾವ ಪುಣ್ಯಾತ್ಮ ಹೀಗೆ ಬಗ್ಗಿಸಿದನೋ!" ಎಂದು ನಕ್ಕು ಅದನ್ನೂ ನೇರ ಮಾಡಿದ. ಅಂಗಡಿಯಲ್ಲಿ ಯಂತ್ರ ಒಂದೇ ಸಮನೆ ನಡೆಯಿತು.

ಮನೆಯಲ್ಲಿ ಕೂರಿಸಿದರೆ ಕುಂಟಿತು, ನಿಂತಿತು. ಅಂಗಡಿಗೆ ಒಯ್ದರೆ ನಡೆಯಿತು. ಮನೆಗೆ ತಂದರೆ ಮತ್ತೆ ನಿಂತಿತು. ನಿದ್ದೆಗೆಟ್ಟು ಮುದುಕಿ ಸೊರಗಿಹೋದಳು. ಅವನ ಜಂಬವೂ ಇಳಿಯಿತು. ಒಂದು ಮಧ್ಯಾಹ್ನ ಗಡಿಯಾರಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ಕುಳಿತ. ಟಿಕ್. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಟಿಕ್. ಇಡೀ ಮನೆ ದೋಣಿಯಂತೆ ಮೆಲ್ಲಗೆ ಒಂದು ಕಡೆಗೆ ವಾಲುತ್ತಿದೆ ಅನ್ನಿಸಿತು. ಕಣ್ಣು ಬಿಟ್ಟ. ಮುದುಕಿಯ ಮಡಿಲಿನಿಂದ ಬಿದ್ದ ನಿಂಬೆಹಣ್ಣು ತಾನಾಗಿಯೇ ಉರುಳಿ ಉರುಳಿ ಮೂಲೆ ಸೇರಿತು.

"ಅಜ್ಜಿ, ಈ ಕಂಬಿ ಬಗ್ಸಿದ್ದು ಯಾರು?"

"ಇನ್ಯಾರು, ನಮ್ಮೆಜಮಾನ್ರು. ಆ ಕಡೆ ಪಾಯ ಕುಸಿದಾಗ ಗಡಿಯಾರ ನಿಂತೋಯ್ತು. ನಂಗೆ ನಿದ್ದೆ ಬರಲಿ ಅಂತ ಇಡೀ ದಿನ ಕಿವಿ ಕೊಟ್ಕೊಂಡು ಕೂತಿದ್ದು ಬಗ್ಸಿದ್ರು."

ಅವನಿಗೆ ನಾಚಿಕೆಯಾಯಿತು. ಕಂಬಿಯನ್ನು ಮೊದಲಿದ್ದಷ್ಟೇ ಸೊಟ್ಟ ಮಾಡಿದ. ಗಡಿಯಾರ ನಡೆಯತೊಡಗಿತು. ಮುದುಕಿ ಕುಳಿತಲ್ಲೇ ನಿದ್ದೆ ಹೋದಳು.

ಗುರುಗಳು ಕಣ್ಣು ತೆರೆದರು. ಹೊರಗೆ ಕತ್ತಲಾಗುತ್ತಿತ್ತು, ಅವ್ವ ಬಾಗಿಲ ಬಳಿ ಬರುವ ಹೊತ್ತು. "ಹಾಗಾದರೆ ಅವ್ವನಿಗೆ ಏನು ಹೇಳಲಿ?" ಎಂದು ನಿಜಗುಣ ಕೇಳಿದ.

"ಹೇಳೋದು ಆಮೇಲಾಯ್ತು, ನಿಮ್ಮ ಮನೆ ಯಾವ ಕಡೆಗೆ ಕುಸಿದಿದೆ, ನೋಡಿದ್ದೀಯಾ?"