ಬೆಳೆದವಳೇ ಕಾಣದ ಹೂವು

“ಕೇಳಿರಪ್ಪೋ ಕೇಳಿ! ರಾಜಕುಮಾರಿ ತಲಾತೊ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅವರೊಡನೆ ಮದುವೆ, ಮೇಲೆ ಬೇಡಿದ್ದನ್ನೂ ಕೊಡುತ್ತಾರೆ. ತಪ್ಪಿದವನ ತಲೆ ಸಂಜೆಗೆ ಹೋಗುತ್ತದೆ!”

ಆಫ್ರಿಕಾದ ಹುಲ್ಲುಗಾವಲಿನ ನಾಡು ಗುರ್ಬೊದಲ್ಲಿ ಡಂಗುರ ಹೀಗೆ ಸಾರಿತು. ರೈತನ ಮಗ ತಿಗಾ ಅರಮನೆಗೆ ಬಂದದ್ದು ಮದುವೆಯ ಆಸೆಗಲ್ಲ, ಅಮ್ಮ ಪೋಕೊ ಬೆಳೆದ ಕಡಲೆಕಾಯಿಯನ್ನು ಅಡುಗೆಮನೆಗೆ ಮುಟ್ಟಿಸಲು. ಜನ ಸೇರಿದ್ದು ಕಂಡು ಬುಟ್ಟಿ ಹೊತ್ತೇ ನಿಂತ. ನಿಂತವನು ಬಾಯಿಮುಚ್ಚಿಕೊಂಡಿರಬೇಕಿತ್ತು.

“ಕಣಜದ ಬೀಗದ ಕೈ ಯಜಮಾನನ ಸೊಂಟದಲ್ಲಿದೆ. ಸಜ್ಜೆ ಮುಂದಿನ ಸುಗ್ಗಿಯವರೆಗೆ ಬರುವಂತೆ ನೋಡಿಕೊಳ್ಳುವವರು ಯಾರು?” ಎಂದಳು ತಲಾತೊ.

ಉಪ್ಪಿನ ವ್ಯಾಪಾರಿಯ ಮಗ ಮೀಸೆ ತಿರುವಿದ. “ಇದೂ ಒಂದು ಒಗಟೇ? ಬೀಗದ ಕೈ ಇರುವವನೇ!”

ತಿಗಾ ಕಿಸಕ್ಕನೆ ನಕ್ಕುಬಿಟ್ಟ. ಉತ್ತರ ತಪ್ಪಿದ್ದಕ್ಕೆ ಭಟರು ವ್ಯಾಪಾರಿಯ ಮಗನನ್ನು ಮರಕ್ಕೆ ಕಟ್ಟಿದರು.

“ನಕ್ಕವನೇ ಹೇಳಲಿ,” ಎಂದಳು ರಾಜಕುಮಾರಿ. “ಮೂರೂ ಬಿಡಿಸಬೇಕು. ತಪ್ಪಿದರೆ ನಿನಗೂ ಅದೇ ಮರ.”

ತಾನು ಸತ್ತರೆ ಅಪ್ಪನ ಹೊಲದಲ್ಲಿ ತನ್ನ ಪಾಲಿನ ಕೆಲಸವೂ ಅಮ್ಮನ ಮೇಲೇ ಬೀಳುತ್ತದೆ ಎಂಬುದೇ ತಿಗಾನಿಗೆ ಮೊದಲು ಹೊಳೆದದ್ದು.

“ಒಡತಿ, ಅಪ್ಪ ಬೀಗ ತೆಗೆದು ಕಾಳು ಅಳೆದು ಕೊಡ್ತಾನೆ, ಅಷ್ಟೆ. ಮಡಕೆಗೆ ಹಿಟ್ಟೆಷ್ಟು ಸೊಪ್ಪೆಷ್ಟು ಅನ್ನೋದು ಅಮ್ಮನ ಕೈಲಿದೆ. ಕಣಜ ಇಳಿದಾಗ ಸೊಪ್ಪು ಏರುತ್ತೆ. ಅಪ್ಪನಿಗೆ ಗೊತ್ತೇ ಆಗಲ್ಲ.”

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಲಾತೊ ಎರಡನೆಯದನ್ನು ಕೇಳಿದಳು: “ಮಕ್ಕಳು ಹಸಿದು ಅಳುತ್ತಿವೆ. ಕಾಳು ಒಲೆಯ ಮೇಲೇ ತೂಗುತ್ತಿದೆ. ತಾಯಿ ಕೊಡಳು. ಯಾಕೆ?”

“ಮಲತಾಯಿ ಇರಬೇಕು!” ಎಂದು ದಳಪತಿ ನುಗ್ಗಿ ಬಂದ. ಅವನೂ ಮರ ಸೇರಿದ.

“ಅದು ಬಿತ್ತನೆ ಬೀಜ,” ಎಂದ ತಿಗಾ. “ಹುಳ ಹಿಡೀದಿರಲಿ ಅಂತ ಹೊಗೆಯಲ್ಲಿ ಕಟ್ಟಿರ್ತಾಳೆ. ಅತ್ತವರಲ್ಲಿ ನಾನೂ ಒಬ್ಬ. ಆಗ ಅವಳನ್ನ ಬೈದಿದ್ದೆ. ಈಗ ಪ್ರತಿ ತುತ್ತಿಗೂ ಅವಳನ್ನೇ ನೆನೀತೀನಿ.”

ಉಳಿದ ಗಂಡುಗಳು ಮೆಲ್ಲಗೆ ಹಿಂದೆ ಸರಿದರು. ತಲಾತೊ ಮೂರನೆಯದನ್ನು ಕೇಳಿದಳು: “ಬಿತ್ತುವವಳು ಅವಳೇ, ಕಳೆ ತೆಗೆಯುವವಳು ಅವಳೇ, ಕೀಳುವವಳೂ ಅವಳೇ. ಕಣ್ಣು ಚೆನ್ನಾಗಿದೆ. ಆದರೂ ತನ್ನ ಗಿಡದ ಹೂವು ಅರಳಿದ್ದನ್ನು ಕಂಡಿಲ್ಲ. ಯಾವುದು ಆ ಹೂವು?”

ತಿಗಾ ತಾನು ಕಂಡ ಹೂಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದ, ಯಾವುದೂ ಹೊಂದಲಿಲ್ಲ. ಹೊತ್ತು ವಾಲಿತು. ಕೊರಳು ಕಡಿಯುವವನು ಕತ್ತಿ ಒರೆಸಿಕೊಂಡ. ತಲೆ ಇನ್ನೂ ತನ್ನದಿರುವಾಗಲೇ ಬುಟ್ಟಿಯನ್ನಾದರೂ ಇಳಿಸೋಣವೆಂದು ತಿಗಾ ಇಳಿಸಿದ. ಒಳಗೆ ಅಮ್ಮನ ಕಡಲೆಕಾಯಿಗಳಿದ್ದವು. ಚಿಕ್ಕಂದಿನಲ್ಲಿ ಒಂದು ಬೆಳಿಗ್ಗೆ ಅವಳ ಹೊಲದಿಂದ ಹೂವೊಂದನ್ನು ಮುಷ್ಟಿಯಲ್ಲಿ ಹಿಡಿದು, ಅಪ್ಪನ ಹೊಲದಲ್ಲಿದ್ದ ಅಮ್ಮನಿಗೆ ತೋರಿಸಲು ಓಡಿದ್ದ. ತಲುಪುವಷ್ಟರಲ್ಲಿ ಅದು ಬಾಡಿತ್ತು. “ನಮ್ಮ ಗಿಡ ಹೂ ಬಿಡುತ್ತಾ? ಯಾವ ಬಣ್ಣ?” ಎಂದು ಅಮ್ಮ ಕೇಳಿದ್ದಳು.

“ಕಡಲೆಕಾಯಿ ಹೂವು!” ಎಂದು ಕೂಗಿದ. “ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತೆ. ಹೆಂಡತಿಗೆ ಅಂತ ತುಂಡು ಹೊಲ ಬಿಟ್ಟಿರ್ತಾರೆ. ಆದರೆ ಬೆಳಗೆಲ್ಲ ಗಂಡನ ಹೊಲಕ್ಕೇ. ತನ್ನ ಹೊಲಕ್ಕೆ ಅವಳು ಹೋಗೋದು ಹೊತ್ತು ಇಳಿದ ಮೇಲೆ.”

ತಲಾತೊಳ ಕಣ್ಣು ತುಂಬಿತು. “ಇವೆಲ್ಲ ನನ್ನ ಸಾಕುತಾಯಿಯ ಒಗಟುಗಳು. ಈಗ ಬೇಡಿಕೋ.”

“ಮರಕ್ಕೆ ಕಟ್ಟಿದವರ ತಲೆ ಉಳಿಸಿ. ವಾರಕ್ಕೊಂದು ಬೆಳಗು ಹೆಂಗಸರು ಅವರವರ ಹೊಲದಲ್ಲಿರಲಿ. ಅವತ್ತು ಗಂಡಂದಿರ ಹೊಲದ ಕಳೆ ಕೀಳಲು ಮರಕ್ಕೆ ಕಟ್ಟಿದ ಈ ಇಬ್ಬರು ಬರಲಿ.”

ತಲಾತೊಳ ತಂದೆಯಾದ ದೊರೆ ನಕ್ಕು ಒಪ್ಪಿದ. ಮದುವೆಯೂ ಆಯಿತು.

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ, ದಳಪತಿ ಕಳೆಯ ಜೊತೆ ಸಜ್ಜೆಯನ್ನೂ ಕಿತ್ತು ತಿಗಾನ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ. ಪೋಕೊ ತನ್ನ ತುಂಡು ಹೊಲದಲ್ಲಿ ಕುಳಿತಿದ್ದಳು, ಪಕ್ಕದಲ್ಲಿ ತಿಗಾ ಮತ್ತು ಗುದ್ದಲಿ ಹಿಡಿದ ಸೊಸೆ ತಲಾತೊ. ಪೋಕೊ ಹೂವೊಂದನ್ನು ಬೆರಳ ತುದಿಯಿಂದ ಮುಟ್ಟಿದಳು, ಕೀಳಲಿಲ್ಲ.

“ಹಳದಿ ಕಣೋ ತಿಗಾ,” ಎಂದಳು. “ನೀನು ಅವತ್ತು ತಂದಿದ್ದು ಇದೇನಾ?”