ನೋವು ಅಳೆಯುವ ಯಂತ್ರ

ಮುಖ ನೋಡಿ ನೋವು ಅಳೆಯುವ ಯಂತ್ರವೊಂದು ಆಸ್ಪತ್ರೆಗೆ ಬಂತು. ಕೆಂಪು ದೀಪ ಹತ್ತಿದರೆ ಡಾಕ್ಟರು ಕೂಡಲೇ ನೋಡುತ್ತಾರೆ. ಹಸಿರು ಹತ್ತಿದರೆ ಮನೆಗೆ. ಮುಖಭಾವ ಬಲ್ಲ ಕಲಾವಿದರನ್ನೂ ಕೇಳಬೇಕೆಂದು ಸರ್ಕಾರ ಹೇಳಿತ್ತು. ಹಾಗಾಗಿ ಯಂತ್ರ ಮಾಡಿದ ಶ್ರೀಕರ ಸಾಹೇಬರು ನಾಟಕ ಕಂಪನಿಯ ಮುದುಕಿ ನೀಲವ್ವನನ್ನು ಕರೆಸಿದರು.

"ಉದ್ಘಾಟನೆಗೆ ಬರೋ ಮಂತ್ರಿಗಳ ಮುಂದೆ ಚೆನ್ನಾಗಿದೆ ಅನ್ನಿ, ಸಾಕು. ಇದೆಲ್ಲ ನಿಮಗೆ ತಿಳಿಯೋದಲ್ಲ" ಎಂದರು ಸಾಹೇಬರು.

ನೀಲವ್ವನ ಕಣ್ಣು ಬೆಂಚಿನ ಮೇಲಿದ್ದ ಬಸುರಿಯತ್ತ ಹೋಯಿತು. ಹೆರಿಗೆ ನೋವು ಬಂದಿದೆ, ಆದರೆ ಪಕ್ಕದಲ್ಲೇ ಮಾವ. ಪಾಪ, ತುಟಿ ಪಿಟಕ್ಕೆನ್ನದೆ ಕೂತಿದ್ದಾಳೆ. ಯಂತ್ರ ಅವಳಿಗೆ ಹಸಿರು ಕೊಟ್ಟಿತ್ತು!

ಮಂತ್ರಿಗಳು ಬಂದರು. ಯಂತ್ರದ ಪೂಜೆಗೆಂದು ಬೂಟು ಬಿಚ್ಚಿದ್ದ ಸಾಹೇಬರು ಅದರೆದುರು ಹಲ್ಲು ಕಿರಿದು ನಿಂತರು. ನೀಲವ್ವ ಅವರ ಕಾಲಿನ ಹೆಬ್ಬೆರಳ ಮೇಲೆ ಹಿಮ್ಮಡಿಯೂರಿ ಮೈಭಾರವೆಲ್ಲ ಬಿಟ್ಟಳು. ಸಾಹೇಬರ ಕಣ್ಣಲ್ಲಿ ನೀರು ಬಂತು, ಮಂತ್ರಿಗಳ ಮುಂದೆ ನಗು ಮಾತ್ರ ಮಾಸಲಿಲ್ಲ. ಹಸಿರು ಹತ್ತಿತು.

"ಸಾಹೇಬ್ರ, ಕಾಲು ತೆಗೀಲೇನ್ರಿ?" ನೀಲವ್ವ ಜೋರಾಗಿ ಕೇಳಿದಳು. ಎಲ್ಲರೂ ಕೆಳಗೆ ನೋಡಿದರು. "ಮಂತ್ರಿಗಳ ಮುಂದ ನೀವು ನೋವು ನುಂಗಿದ್ರಿ. ಮಾವನ ಮುಂದ ಆ ಹುಡುಗಿ ನುಂಗಾಕತ್ಯಾಳ. ಮೊದಲು ಆಕೀನ ಒಳಗ ಕರಕೊಳ್ರಿ."

ಡಾಕ್ಟರು, ನರ್ಸು ಎಲ್ಲ ಬಸುರಿಯತ್ತ ಓಡಿದರು. ಸಾಹೇಬರು ಬೆರಳು ಹಿಡಿದು "ಅಯ್ಯಯ್ಯೋ!" ಎಂದು ಕೂಗಿದರು. ಆಗ ಕೆಂಪು ದೀಪ ಹತ್ತಿತು. ಯಾರೂ ತಿರುಗಿ ನೋಡಲಿಲ್ಲ.