ಮನೆ ಹಿಡಿದ ಗೊಳ್ಳಾಳಪ್ಪ

ವಿಜಾಪುರದ ಕೋಟೆಗೋಡೆಯ ಒಳಗೆ ಒಂದು ಹಳೇ ಓಣಿ. ಆ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ನೀಲವ್ವ. ಅವಳಿಗೊಬ್ಬನೇ ಮಗ, ಗೊಳ್ಳಾಳಪ್ಪ. ಇಪ್ಪತ್ತೆಂಟು ತುಂಬಿದ ಗಟ್ಟಿ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ನೀಲವ್ವನ ಗೋಳು.

ಅವರಿದ್ದ ಬಾಡಿಗೆ ಮನೆಯ ಮಾಳಿಗೆ ತೊಲೆ ಬಿರುಕು ಬಿಟ್ಟಿತು. ಕೂತಲ್ಲಿ ನಿಂತಲ್ಲಿ ತಲೆ ಮೇಲೆ ಮಣ್ಣು. ಜೋರು ಮಳೆ ಬಂದರೆ ಕುಸಿಯುತ್ತದೆ ಅಂದ ಗೋಡೆ ಕಟ್ಟುವ ಗೌಂಡಿ. ಓಣಿ ಬಿಟ್ಟರೆ ರೊಟ್ಟಿ ಕೊಳ್ಳುವವರಿಲ್ಲ. ಓಣಿಯಲ್ಲಿ ಖಾಲಿ ಇದ್ದದ್ದು ಒಂದೇ ಮನೆ, ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಮೂರನೇ ಅಂತಸ್ತಿನಲ್ಲಿ, ಇನಾಮದಾರ ಮಾಸ್ತರರದು. ನೀಲವ್ವನಿಗೆ ಮೊಣಕಾಲು ನೋವು. ಆಕಾಶದಲ್ಲಿ ಮೋಡ.

"ತಮ್ಮಾ, ಹೋಗಿ ಮನಿ ನೋಡಿ ಬಾ."

ಹೋದ. ಎದುರಿಗೆ ನಿಂತು ನೋಡಿದ, ಕಿಟಕಿ ಎಣಿಸಿದ. ಮಧ್ಯಾಹ್ನಕ್ಕೆ ಬಂದ.

"ಹ್ಯಾಂಗೈತಿ?"

"ಎತ್ತರ ಐತಿ, ಯವ್ವ. ಕಿಡಕಿ ನಲವತ್ತೆರಡು."

ನೀಲವ್ವ ಹಣೆ ಬಡಿದುಕೊಂಡಳು. "ಒಳಗ ಹೋಗಬೇಕಲ್ಲೋ ಖೋಡಿ. ಮಾಸ್ತರು ಏನ್ ಕೇಳಿದರೂ ಎದುರಾಡಬ್ಯಾಡ, 'ಹೌದ್ರಿ' ಅನ್ನು."

ಮತ್ತೆ ಹೋದ.

"ಬಾಡಗಿಗೆ ಬಂದೀಯೇನಪಾ?" ಅಂದರು ಮಾಸ್ತರು.

"ಹೌದ್ರಿ."

"ಮನ್ಯಾಗ ಜಗಳ ಗದ್ದಲ ಮಾಡತೀರೇನು?"

"ಹೌದ್ರಿ."

"ಹಿಂದಿನ ಮನಿಯವರು ಹೊರಗ ಹಾಕ್ಯಾರೇನು?"

"ಹೌದ್ರಿ."

ಮಾಸ್ತರು ಬಾಗಿಲು ಹಾಕಿಕೊಂಡರು.

ನೀಲವ್ವ ಅತ್ತಳು. ತಟ್ಟೆಯ ಅನ್ನಕ್ಕೂ ಮಣ್ಣು ಬಿತ್ತು. "ಇದೊಂದ ಮನಿ ಉಳದೈತಿ, ತಮ್ಮಾ. ಹೆಂಗಾರ ಮಾಡಿ ಹಿಡಿ. ಮಾಸ್ತರು ಹೂಂ ಅನ್ನೂತನಕ ಕೈ ಬಿಡಬ್ಯಾಡ."

ಮರುದಿನ ಬೆಳಗ್ಗೆ ಮಳೆ ಹಿಡಿಯಿತು. ಆ ಹೊತ್ತಿಗೇ ಬ್ಯಾಂಕ್ ನೌಕರಿಯ ಗಂಡ ಹೆಂಡತಿ ಮನೆ ನೋಡಲು ಬಂದರು. ಗೊಳ್ಳಾಳಪ್ಪ ನುಗ್ಗಿದ. ಖಾಲಿ ಮನೆಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಅತ್ತಾಗ ಸರಿಯೋ," ಅಂದರು ಮಾಸ್ತರು.

"ಹೂಂ ಅನ್ರಿ, ಬಿಡತೀನಿ."

ವಾಚ್‌ಮನ್ ಹಿಡಿದು ಎಳೆದ. ಬಿಡಲಿಲ್ಲ. ಪೊಲೀಸರನ್ನು ಕರೆಯುತ್ತೇನೆ ಅಂದರು ಮಾಸ್ತರು. ಬಿಡಲಿಲ್ಲ. ಬೆರಳು ಬಿಳಿಚಿದವು, ಬಿಡಲಿಲ್ಲ. ಬ್ಯಾಂಕಿನವರು ಹೆದರಿ ಹೋಗಿಬಿಟ್ಟರು.

ಸುದ್ದಿ ಕೇಳಿ ನೀಲವ್ವ ನೆನೆಯುತ್ತ, ಕುಂಟುತ್ತ ಬಂದಳು. ತೊಲೆಯ ವಿಷಯ ಹೇಳಿದಳು. "ಮಗಾ ಪೆದ್ದ ಅದಾನ್ರಿ, ಕೆಟ್ಟಾವ ಅಲ್ಲ. ಇವತ್ತ ಒಂದಿನ ತಡಾ ಆದ್ರ ನಾವು ಮಣ್ಣಾಗ್ತೀವಿ."

ಮಾಸ್ತರು ಆ ಬೆರಳುಗಳನ್ನೇ ನೋಡುತ್ತ ನಿಂತರು. "ಹೂಂ," ಅಂದರು.

ಕೈ ಬಿಟ್ಟ.

ಎದುರಿನ ಬಾಗಿಲೇ ಮಾಸ್ತರ ಮನೆ. ಕರೆದು ಚಹಾ ಕೊಟ್ಟರು. "ಇನ್ನ ಇದು ನಿಮ್ಮ ಮನಿ ಅಂತ ತಿಳೀರಿ," ಅಂದರು. ಆಮೇಲೆ ನೀಲವ್ವನಿಗೆ ನಳ, ಸ್ವಿಚ್ಚು ತೋರಿಸಲು ಖಾಲಿ ಮನೆಗೆ ಕರೆದೊಯ್ದರು. ಹೋಗುತ್ತ ನೀಲವ್ವ ಮಗನಿಗೆ ಹೇಳಿದಳು, "ತೊಲಿ ಬೀಳೂದರಾಗ ನಮ್ಮ ಮನಿ ಖಾಲಿ ಮಾಡು. ಏನೂ ಉಳಸಬ್ಯಾಡ."

ಗೊಳ್ಳಾಳಪ್ಪ ಸುತ್ತ ನೋಡಿದ. ಸೋಫಾ ಎತ್ತಿದ.

ಅವರು ಹೊರಗೆ ಬರುವಷ್ಟರಲ್ಲಿ ಮಳೆ ನಿಂತಿತ್ತು. ಮಾಸ್ತರ ಮನೆಯಲ್ಲಿ ಗೋಡೆ ಮಾತ್ರ ಇತ್ತು. ಕೆಳಗೆ ಓಣಿಯಲ್ಲಿ ಸೋಫಾ, ಟೀವಿ, ಕಪಾಟು. ನಡುವೆ ಕುರ್ಚಿ ಸಮೇತ ಮಾಸ್ತರ ಎಂಬತ್ತೆಂಟರ ತಾಯಿ, ತಾರಾಬಾಯಿ.

ಮಾಸ್ತರ ಮುಖ ಕೆಂಪಾಯಿತು. ಸಿಕ್ಕ ಮನೆ ಹೋಯಿತು ಅಂದುಕೊಂಡಳು ನೀಲವ್ವ.

"ಬೈಬ್ಯಾಡ ಅಂವಗ," ಅಂದಳು ತಾರಾಬಾಯಿ, ಬಿಸಿಲಿಗೆ ಮುಖವೊಡ್ಡಿ. "ಮೆಟ್ಟಿಲ ಇಳಿಯಾಕಾಗದ ಎರಡು ವರ್ಷ ಆತು ಓಣಿ ನೋಡಿ. ಕೆಳಗ ಇಳಸು ಅಂದಾಗೆಲ್ಲ ನೀ ನಾಳೆ ನಾಳೆ ಅಂದಿ." ಗೊಳ್ಳಾಳಪ್ಪನ ಕಡೆ ತಿರುಗಿದಳು. " ತಮ್ಮಾ, ನಾಳೆನೂ ಹತ್ತಕ್ಕ ಹಿಂಗ ಮಾಡಪಾ."

ಮಾಸ್ತರು ತಾವೇ ಸೋಫಾದ ಒಂದು ತುದಿ ಹಿಡಿದರು. ಸಂಜೆಯೊಳಗೆ ಮಾಸ್ತರ ಸಾಮಾನು ಮೇಲೆ ಹೋಯಿತು. ಹಿಂದೆಯೇ ನೀಲವ್ವನ ಒಲೆ, ಹಿಟ್ಟಿನ ಡಬ್ಬಿ.

ಮರುದಿನ ಹತ್ತು ಹೊಡೆಯಿತು. ಮೊದಲು ಸೋಫಾ ಇಳಿಯಿತು. ಆಮೇಲೆ ಟೀವಿ. ಆಮೇಲೆ ಕಪಾಟು. ಕಡೆಗೆ ಅಜ್ಜಿ.